ಫ್ಲ್ಯಾನರಿ ಓಕಾನರ್: ಲೂಪಸ್ ಜೊತೆ ಹದಿಮೂರು ವರ್ಷ

1950ರ ಡಿಸೆಂಬರ್. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ, ಸ್ನೇಹಿತರ ಮನೆಯ ಗ್ಯಾರೇಜ್ ಮೇಲಿನ ರೂಮಿನಲ್ಲಿ ಇದ್ದುಕೊಂಡು ಮೊದಲ ಕಾದಂಬರಿ ಬರೆಯುತ್ತಿದ್ದ 25 ವರ್ಷದ ಹುಡುಗಿಗೆ ಟೈಪ್‌ರೈಟರ್ ಮುಂದೆ ಕೂತಾಗಲೆಲ್ಲ ತೋಳು ಭಾರ ಅನ್ನಿಸತೊಡಗಿತು. ಅಲ್ಲಿನ ಡಾಕ್ಟರು ನೋಡಿ ಸಂಧಿವಾತ ಇರಬಹುದು ಅಂದರು. ಕ್ರಿಸ್‌ಮಸ್ ರಜೆಗೆ ಹೇಗೂ ಊರಿಗೆ ಹೋಗುತ್ತಿದ್ದಾಳೆ, ಅಲ್ಲಿ ಪೂರ್ತಿ ತಪಾಸಣೆ ಮಾಡಿಸಲಿ ಅಂತ ತೀರ್ಮಾನವಾಯಿತು. ಜಾರ್ಜಿಯಾ ಕಡೆಗೆ ಹೊರಟ ರೈಲಿನಲ್ಲೇ ಆಕೆ ಕಾಯಿಲೆ ಬಿದ್ದಳು. ನಗುತ್ತಾ ರೈಲು ಹತ್ತಿದವಳು ಇಳಿಯುವಾಗ ಮುದುಕಿಯ ಹಾಗೆ ಕಾಣುತ್ತಿದ್ದಳಂತೆ. ಇದು ನಿಲ್ದಾಣಕ್ಕೆ ಕರೆದೊಯ್ಯಲು ಬಂದಿದ್ದ ಸೋದರಮಾವನ ನೆನಪು.

ಹುಡುಗಿಯ ಹೆಸರು ಫ್ಲ್ಯಾನರಿ ಓಕಾನರ್. ಇಂಗ್ಲಿಷ್ ಸಣ್ಣಕಥೆಗಳನ್ನು ಓದುವವರಿಗೆ ಈ ಹೆಸರು ಹೊಸದಲ್ಲ. ಆಕೆಯ ಕಥೆಗಳ ಬಗ್ಗೆ ಬರೆಯಲು ನಮ್ಮ ಕ್ಲಬ್ಬಿನಲ್ಲಿ ಬೇರೆಯವರಿದ್ದಾರೆ. ನನಗೆ ಇಲ್ಲಿ ಹೇಳಬೇಕಿರುವುದು ಆಕೆಯ ದೇಹದ ಕಥೆ. ಯಾಕಂದ್ರೆ ಕೀಲುನೋವು ಅಂದ ಕೂಡಲೇ ನಮಗೆ ನೆನಪಾಗೋದು ಅಜ್ಜಿ, ಅಜ್ಜಿಯ ಮುಲಾಮು, ಚಳಿಗಾಲ. ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಆಟೋಇಮ್ಯೂನ್ ಕಾಯಿಲೆಗಳು ಕೀಲುನೋವಿನಿಂದ ಶುರುವಾದರೂ ಅಲ್ಲಿಗೇ ನಿಲ್ಲೋದಿಲ್ಲ. ನಮ್ಮ ವಯಸ್ಸಿನವರನ್ನೂ ಬಿಡೋದಿಲ್ಲ.

ಫ್ಲ್ಯಾನರಿ ಹುಟ್ಟಿದ್ದು 1925ರ ಮಾರ್ಚ್ 25ರಂದು, ಜಾರ್ಜಿಯಾದ ಸವಾನಾ ಪಟ್ಟಣದಲ್ಲಿ. ತಂದೆ ಎಡ್ವರ್ಡ್, ತಾಯಿ ರೆಜಿನಾ, ಇವಳೊಬ್ಬಳೇ ಮಗಳು. ಪ್ರಾಟೆಸ್ಟೆಂಟರೇ ತುಂಬಿದ್ದ ಆ ದಕ್ಷಿಣ ರಾಜ್ಯದಲ್ಲಿ ಇವರದು ಕ್ಯಾಥೊಲಿಕ್ ಮನೆತನ. ಚಿಕ್ಕವಳಿದ್ದಾಗ ಒಂದು ಕೋಳಿಗೆ ಹಿಂದಕ್ಕೆ ನಡೆಯುವುದನ್ನು ಕಲಿಸಿದ್ದಳು. ಪಾಥೆ ಕಂಪನಿಯ ನ್ಯೂಸ್‌ರೀಲ್‌ನವರು ಮನೆಗೇ ಬಂದು ಅದನ್ನು ಚಿತ್ರೀಕರಿಸಿಕೊಂಡು ಹೋದರು. ಹಕ್ಕಿಗಳ ಹುಚ್ಚು ಕೊನೆಯವರೆಗೂ ಬಿಡಲಿಲ್ಲ.

ಅಪ್ಪನಿಗೆ ಮಗಳೆಂದರೆ ಪ್ರಾಣ. ಆಕೆ ಹನ್ನೆರಡರ ಆಸುಪಾಸಿನಲ್ಲಿದ್ದಾಗ ಅಪ್ಪನಿಗೆ ಲೂಪಸ್ ಕಾಣಿಸಿಕೊಂಡಿತು. ಲೂಪಸ್ ಬರುವ ಹತ್ತು ಜನರಲ್ಲಿ ಒಂಬತ್ತು ಮಂದಿ ಹೆಂಗಸರು, ಹಾಗಾಗಿ ಇದು ಅಪರೂಪದ ಪ್ರಕರಣ. ಕುಟುಂಬ ತಾಯಿಯ ಕಡೆಯವರ ಊರಾದ ಮಿಲೆಡ್ಜ್‌ವಿಲ್‌ಗೆ ಬಂದು ನೆಲೆಸಿತು. 1941ರ ಫೆಬ್ರವರಿಯಲ್ಲಿ, 45ನೇ ವಯಸ್ಸಿಗೆ, ಎಡ್ವರ್ಡ್ ತೀರಿಕೊಂಡರು. ಮಗಳಿಗೆ ಆಗ ಹದಿನೈದು. ಮನೆಯಲ್ಲಿ ಆ ಕಾಯಿಲೆಯ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ.

ಆಮೇಲಿನ ಹತ್ತು ವರ್ಷ ಸಲೀಸಾಗಿ ಕಳೆಯಿತು. ಊರಿನ ಮಹಿಳಾ ಕಾಲೇಜಿನಲ್ಲಿ ಡಿಗ್ರಿ ಮಾಡಿದಳು, ಕಾಲೇಜು ಪತ್ರಿಕೆಗೆ ಕಾರ್ಟೂನ್ ಬರೆದಳು. ಪತ್ರಿಕೋದ್ಯಮ ಓದಲು ಅಯೋವಾಕ್ಕೆ ಹೋದವಳು ಅಲ್ಲಿನ ಪ್ರಸಿದ್ಧ ರೈಟರ್ಸ್ ವರ್ಕ್‌ಶಾಪ್ ಸೇರಿಕೊಂಡಳು. ಮೊದಲ ಕಥೆ 1946ರಲ್ಲಿ ಅಚ್ಚಾಯಿತು. ನ್ಯೂಯಾರ್ಕ್ ಕಡೆಯ ಸಾಹಿತಿಗಳ ಪರಿಚಯವಾಯಿತು. ಕವಿ, ಅನುವಾದಕ ರಾಬರ್ಟ್ ಫಿಟ್ಸ್‌ಜೆರಲ್ಡ್ ಮತ್ತು ಅವರ ಪತ್ನಿ ಸ್ಯಾಲಿ ತಮ್ಮ ಮನೆಯಲ್ಲಿ ಇರಲು ಜಾಗ ಕೊಟ್ಟರು. ಗ್ಯಾರೇಜ್ ಮೇಲಿನ ಆ ರೂಮು ಅವರದ್ದೇ. ತಾನಿನ್ನು ದಕ್ಷಿಣಕ್ಕೆ ಮರಳುವುದಿಲ್ಲ ಅಂತಲೇ ಆಕೆ ಲೆಕ್ಕ ಹಾಕಿದ್ದಳು. ಅಷ್ಟರಲ್ಲಿ ಆ ರೈಲು ಪ್ರಯಾಣ.

ಅಟ್ಲಾಂಟಾದ ಡಾಕ್ಟರ್ ಆರ್ಥರ್ ಮೆರಿಲ್ ಇದು ಸಂಧಿವಾತ ಅಲ್ಲ, ಲೂಪಸ್ ಎಂದು ಗುರುತಿಸಿದರು. ನಮ್ಮ ರೋಗನಿರೋಧಕ ವ್ಯವಸ್ಥೆಗೆ ಇರುವ ಮೊದಲ ಕೆಲಸ ತನ್ನವರು ಯಾರು, ಹೊರಗಿನವರು ಯಾರು ಅಂತ ಗುರುತಿಸೋದು. ಲೂಪಸ್‌ನಲ್ಲಿ ಈ ಗುರುತು ತಪ್ಪುತ್ತದೆ. ಸ್ವಂತ ಜೀವಕೋಶದ ನ್ಯೂಕ್ಲಿಯಸ್‌ನಲ್ಲಿರುವ ಡಿಎನ್‌ಎ ಮುಂತಾದವುಗಳ ವಿರುದ್ಧವೇ ಪ್ರತಿಕಾಯಗಳು ತಯಾರಾಗುತ್ತವೆ. ಅವು ರಕ್ತದಲ್ಲಿ ಸುತ್ತುತ್ತಾ ಹೋದಲ್ಲೆಲ್ಲ ಉರಿಯೂತ ಎಬ್ಬಿಸುತ್ತವೆ: ಕೀಲು, ಚರ್ಮ, ಶ್ವಾಸಕೋಶದ ಪೊರೆ, ಹೃದಯದ ಪೊರೆ, ಎಲ್ಲಕ್ಕಿಂತ ಅಪಾಯದ ಜಾಗವಾಗಿ ಮೂತ್ರಪಿಂಡ. ಮೂತ್ರಪಿಂಡದ ಸೂಕ್ಷ್ಮ ಜಾಲರಿಗಳಲ್ಲಿ ಈ ಪ್ರತಿಕಾಯಗಳ ಗಂಟುಗಳು ಸಿಕ್ಕಿಕೊಂಡು ಜಾಲರಿಯೇ ಹಾಳಾಗುತ್ತದೆ. ಅಲ್ಲಿ ನೋವೇನೂ ಇರೋದಿಲ್ಲ, ಅದೇ ಕಷ್ಟ. ಮೂತ್ರಪರೀಕ್ಷೆ ಮಾಡಿಸದಿದ್ದರೆ ತಡವಾಗಿಯೇ ಗೊತ್ತಾಗೋದು.

ಅಪ್ಪನ ಕಾಲಕ್ಕೂ ಮಗಳ ಕಾಲಕ್ಕೂ ನಡುವೆ ಹತ್ತೇ ವರ್ಷ. ಆದರೆ ಆ ಹತ್ತು ವರ್ಷದಲ್ಲಿ ಎರಡು ದೊಡ್ಡ ಸಂಗತಿ ನಡೆದಿದ್ದವು. 1948ರಲ್ಲಿ ಮೇಯೋ ಕ್ಲಿನಿಕ್‌ನ ಮಾಲ್ಕಮ್ ಹಾರ್ಗ್ರೇವ್ಸ್ ತಂಡ ಲೂಪಸ್ ರೋಗಿಗಳಲ್ಲಿ ಕಾಣುವ ಒಂದು ವಿಶಿಷ್ಟ ಕೋಶವನ್ನು ಪತ್ತೆ ಮಾಡಿತ್ತು. ಅದೇ ಮೇಯೋದಲ್ಲಿ ಫಿಲಿಪ್ ಹೆಂಚ್, ಹಾಸಿಗೆ ಬಿಟ್ಟು ಏಳಲಾರದ ಸಂಧಿವಾತದ ರೋಗಿಗಳಿಗೆ ಕಾರ್ಟಿಸೋನ್ ಕೊಟ್ಟು ಕೆಲವೇ ದಿನಗಳಲ್ಲಿ ನಡೆಯುವಂತೆ ಮಾಡಿದ್ದರು. 1950ರ ನೊಬೆಲ್ ಅವರಿಗೂ ಇನ್ನಿಬ್ಬರಿಗೂ ಬಂತು. ಆ ವರ್ಷದ ಕೊನೆಯಲ್ಲೇ ಫ್ಲ್ಯಾನರಿ ಆಸ್ಪತ್ರೆ ಸೇರಿದ್ದು. ಅಪ್ಪನಿಗೆ ಸಿಗದ ಔಷಧಿ ಮಗಳಿಗೆ ಸಿಕ್ಕಿತು.

ಆಕೆಗೆ ಕೊಟ್ಟದ್ದು ಎಸಿಟಿಎಚ್ ಎಂಬ ಹಾರ್ಮೋನ್. ಆಗ ಅದನ್ನು ಕಸಾಯಿಖಾನೆಯ ಹಂದಿಗಳ ಪಿಟ್ಯುಟರಿ ಗ್ರಂಥಿಯಿಂದ ತೆಗೆಯುತ್ತಿದ್ದರು. ಈ ವಿಷಯ ಗೊತ್ತಾದ ಮೇಲೆ ಆಕೆ ಹಂದಿಗಳಿಗೆ ತಾನು ಋಣಿ ಅಂತ ತಮಾಷೆ ಮಾಡುತ್ತಿದ್ದಳು. ಜ್ವರ ಇಳಿಯಿತು, ಪ್ರಾಣ ಉಳಿಯಿತು. ಮುಖ ಊದಿಕೊಂಡಿತು, ಕೂದಲು ಉದುರಿತು. ಆಸ್ಪತ್ರೆಯ ಹಾಸಿಗೆಯಲ್ಲೂ ಕಾದಂಬರಿ ತಿದ್ದುತ್ತಲೇ ಇದ್ದಳು.

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಈ ಔಷಧಿಯ ಸಮಸ್ಯೆ ಬೇಗ ಅರ್ಥವಾಗುತ್ತದೆ. ಮೆದುಳು ಎಸಿಟಿಎಚ್ ಕಳಿಸುತ್ತದೆ, ಅದನ್ನು ನೋಡಿ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಮಾಡುತ್ತದೆ, ಕಾರ್ಟಿಸಾಲ್ ಹೆಚ್ಚಾದರೆ ಮೆದುಳು ಆಜ್ಞೆ ಕಡಿಮೆ ಮಾಡುತ್ತದೆ. ಅಚ್ಚುಕಟ್ಟಾದ ಫೀಡ್‌ಬ್ಯಾಕ್ ಲೂಪ್. ಹೊರಗಿನಿಂದ ವರ್ಷಗಟ್ಟಲೆ ಸ್ಟೀರಾಯ್ಡ್ ಸುರಿದರೆ ಲೂಪ್ ಮಲಗಿಬಿಡುತ್ತದೆ. ಆಮೇಲೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವ ಹಾಗಿಲ್ಲ. ಸರ್ಜರಿ, ಸೋಂಕು, ಅಪಘಾತ ಇಂಥ ಹೊತ್ತಿನಲ್ಲಿ ದೇಹಕ್ಕೆ ಹೆಚ್ಚುವರಿ ಕಾರ್ಟಿಸಾಲ್ ಬೇಕು, ಅದನ್ನು ತಾನಾಗಿ ಮಾಡಿಕೊಳ್ಳಲು ದೇಹಕ್ಕೆ ಆಗದು. ಇದರ ಜೊತೆಗೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಸೋಂಕಿಗೆ ಬಾಗಿಲು ತೆರೆಯುತ್ತದೆ. ಉರಿಯೂತ ತಣಿಸಬೇಕಾದರೆ ಕಾವಲುಗಾರನಿಗೇ ನಿದ್ದೆ ಮಾತ್ರೆ ಕೊಡಬೇಕು, ಇದು ಅದರ ಬೆಲೆ.

ಈ ನಡುವೆ ಒಂದು ವಿಚಿತ್ರ ನಡೆದಿತ್ತು. ಕಾಯಿಲೆ ಏನು ಅಂತ ಫ್ಲ್ಯಾನರಿಗೆ ಯಾರೂ ಹೇಳಿರಲಿಲ್ಲ. ಗಂಡನನ್ನು ಕಳಕೊಂಡಿದ್ದ ರೆಜಿನಾಗೆ ಮಗಳಿಗೂ ಅದೇ ಅಂತ ಹೇಳುವ ಧೈರ್ಯ ಬರಲಿಲ್ಲ. ಡಾಕ್ಟರೂ ಸುಮ್ಮನಿದ್ದರು. ಸಂಧಿವಾತ ಅಂತಲೇ ನಂಬಿಕೊಂಡು ಆಕೆ ಸುಮಾರು ಒಂದೂವರೆ ವರ್ಷ ಕಳೆದಳು. 1952ರ ಬೇಸಿಗೆಯಲ್ಲಿ ಫಿಟ್ಸ್‌ಜೆರಲ್ಡ್ ಮನೆಗೆ ಹೋಗಿದ್ದಾಗ, ಕಾರಿನಲ್ಲಿ ಹೋಗುತ್ತಾ ತನ್ನ ಸಂಧಿವಾತದ ಮಾತೆತ್ತಿದಳು. ಸ್ಯಾಲಿಗೆ ತಡೆಯಲಾಗಲಿಲ್ಲ, ನಿಜ ಹೇಳಿಬಿಟ್ಟಳು. ಗೊತ್ತಾದದ್ದೇ ಒಳ್ಳೆಯದಾಯಿತು ಅಂತ ಫ್ಲ್ಯಾನರಿ ಅವಳಿಗೆ ಕೃತಜ್ಞತೆ ಹೇಳಿದಳು. ನಮ್ಮ ಮನೆಗಳಲ್ಲೂ ರೋಗಿಯೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ರೋಗ ಗೊತ್ತಿರುತ್ತದೆ ಅಲ್ವಾ? ರೆಜಿನಾಳನ್ನು ದೂರುವುದು ಸುಲಭ, ಆದರೆ ಆಕೆ ಒಮ್ಮೆ ಈ ದಾರಿ ನಡೆದು ಬಂದಿದ್ದವಳು. ಆದರೂ ನನ್ನ ವೋಟು ಸ್ಯಾಲಿಗೆ. ಮುಂದಿನ ವರ್ಷಗಳನ್ನು ಹೇಗೆ ಖರ್ಚು ಮಾಡಬೇಕು ಅಂತ ತೀರ್ಮಾನಿಸಬೇಕಾದವಳಿಗೆ ಎಷ್ಟು ಇದೆ ಅನ್ನೋದಾದರೂ ಗೊತ್ತಿರಬೇಕು.

ಗೊತ್ತಾದ ಮೇಲೆ ಆಕೆ ಮಾಡಿದ ತೀರ್ಮಾನ ಸರಳ. ಕನೆಕ್ಟಿಕಟ್‌ನ ಸಾಮಾನುಗಳನ್ನು ತರಿಸಿಕೊಂಡಳು, ಮಿಲೆಡ್ಜ್‌ವಿಲ್ ಹೊರಗಿನ ಆಂಡಲೂಸಿಯಾ ಎಂಬ ತಾಯಿಯ ಡೈರಿ ತೋಟದಲ್ಲಿ ಶಾಶ್ವತವಾಗಿ ಉಳಿದಳು. ಮೆಟ್ಟಿಲು ಹತ್ತಲಾಗದು, ಹಾಗಾಗಿ ನೆಲಮಹಡಿಯಲ್ಲೇ ಮಲಗುವ ಕೋಣೆ, ಅದರಲ್ಲೇ ಟೇಬಲ್ಲು. ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಬರವಣಿಗೆ, ದಿನವೂ. ಮೈಯಲ್ಲಿ ಇದ್ದದ್ದು ಅಷ್ಟೇ ಶಕ್ತಿ. ಮಧ್ಯಾಹ್ನದ ಮೇಲೆ ಪತ್ರಗಳು, ಅತಿಥಿಗಳು, ಹಕ್ಕಿಗಳು. ನವಿಲುಗಳನ್ನು ತರಿಸಿದಳು, ಅವು ಹೆಚ್ಚಿ ನಲವತ್ತರಷ್ಟಾಗಿ ತಾಯಿಯ ಹೂದೋಟವನ್ನೆಲ್ಲ ಮುಕ್ಕಿದವು.

ಮೊದಲ ಕಾದಂಬರಿ 'ವೈಸ್ ಬ್ಲಡ್' 1952ರ ಮೇ ತಿಂಗಳಲ್ಲೇ ಬಂದಿತ್ತು. 1955ರಲ್ಲಿ ಕಥಾಸಂಕಲನ 'ಎ ಗುಡ್ ಮ್ಯಾನ್ ಈಸ್ ಹಾರ್ಡ್ ಟು ಫೈಂಡ್' ಬಂದು ಹೆಸರು ತಂದಿತು. ಅದೇ ವರ್ಷ ಎರಡು ಊರುಗೋಲು ಬಂದವು. ಹಿಂದಿನ ವರ್ಷ ಸೊಂಟದಲ್ಲಿ ನೋವು, ಕುಂಟು ಶುರುವಾದಾಗ ಅದಕ್ಕೂ ಲೂಪಸ್ಸಿಗೂ ಸಂಬಂಧ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ತೊಡೆಮೂಳೆಯ ತುದಿಯ ಗುಂಡಿಗೆ ರಕ್ತ ಸರಿಯಾಗಿ ಹರಿಯದೆ ಅದು ಮೆತ್ತಗಾಗುತ್ತಿತ್ತು. ಮೂಳೆಯೂ ಜೀವಂತ ಅಂಗ, ರಕ್ತ ನಿಂತರೆ ಸಾಯುತ್ತದೆ, ಮೇಲೆ ಬಿದ್ದ ಭಾರಕ್ಕೆ ಕುಸಿಯುತ್ತದೆ. ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಅಂತ ಇವತ್ತು ಯಾವ ವೈದ್ಯ ವಿದ್ಯಾರ್ಥಿಯನ್ನು ಕೇಳಿದರೂ ಹೇಳುತ್ತಾರೆ. ಅವತ್ತು ಔಷಧಿಯೇ ಹೊಸದು, ಅದರ ದೂರದ ಪರಿಣಾಮಗಳನ್ನು ಜಗತ್ತು ಕಲಿಯುತ್ತಿದ್ದದ್ದು ಇಂಥವರ ಮೈಮೇಲೆಯೇ.

ಊರುಗೋಲು ಹಿಡಿದೇ ರೈಲು, ವಿಮಾನ ಹತ್ತಿ ಕಾಲೇಜುಗಳಲ್ಲಿ ಉಪನ್ಯಾಸ ಕೊಟ್ಟಳು. 1958ರಲ್ಲಿ ಬಂಧುವೊಬ್ಬರ ಒತ್ತಾಯಕ್ಕೆ ಫ್ರಾನ್ಸಿನ ಲೂರ್ದ್ ಯಾತ್ರೆಗೂ ಹೋಗಿ, ಮನಸ್ಸಿಲ್ಲದ ಮನಸ್ಸಿನಿಂದ ಪವಿತ್ರ ನೀರಿನಲ್ಲಿ ಮುಳುಗೆದ್ದಳು. ಆ ವರ್ಷದ ಕೊನೆಗೆ ಎಕ್ಸ್‌ರೇಯಲ್ಲಿ ಸೊಂಟದ ಮೂಳೆ ಸ್ವಲ್ಪ ಗಟ್ಟಿಯಾದಂತೆ ಕಂಡಿತು. ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ. 1960ರಲ್ಲಿ ಎರಡನೇ ಕಾದಂಬರಿ ಬಂತು. ಸೊಂಟ ಮತ್ತೆ ಕೆಡುತ್ತಾ ಹೋಯಿತು. ಲೋಹದ ಕೀಲು ಹಾಕಿಸಿಕೊಳ್ಳಬಹುದೇ ಅಂತ ಕೇಳಿದಳು. ಡಾಕ್ಟರ್ ಮೆರಿಲ್ ಬೇಡವೆಂದರು, ಸರ್ಜರಿ ಮಾಡಿದರೆ ಮಲಗಿರುವ ಲೂಪಸ್ ಎದ್ದು ಕೂರಬಹುದು ಅನ್ನೋ ಭಯ ಅವರಿಗೆ.

ಆಕೆಯನ್ನು ಬರೀ ಧೀರೆ ಅಂತ ಬರೆದು ಮುಗಿಸಿದರೆ ತಪ್ಪಾಗುತ್ತದೆ. ಕರಿಯರ ಬಗ್ಗೆ ಆಕೆ ಖಾಸಗಿ ಪತ್ರಗಳಲ್ಲಿ ಬರೆದದ್ದು ಓದಿದರೆ ಮುಜುಗರವಾಗುತ್ತದೆ. ಇದೇ ಕಾರಣಕ್ಕೆ 2020ರಲ್ಲಿ ಮೇರಿಲ್ಯಾಂಡ್‌ನ ಲೊಯೋಲಾ ವಿಶ್ವವಿದ್ಯಾಲಯ ಹಾಸ್ಟೆಲೊಂದಕ್ಕಿದ್ದ ಆಕೆಯ ಹೆಸರನ್ನು ತೆಗೆಯಿತು. ನೋವು ಉಂಡವರಿಗೆ ಎಲ್ಲರ ನೋವೂ ಕಾಣುತ್ತದೆ ಅನ್ನೋದು ನಿಜವಾಗಿದ್ದರೆ ಚೆನ್ನಾಗಿತ್ತು.

1963ರ ಕೊನೆಗೆ ಆಕೆಗೆ ರಕ್ತಹೀನತೆ ಹೆಚ್ಚಾಗಿ ಎಚ್ಚರ ತಪ್ಪಿತು. ಕಾರಣ ಗರ್ಭಕೋಶದ ಫೈಬ್ರಾಯ್ಡ್ ಗೆಡ್ಡೆ. ಸೊಂಟಕ್ಕೆ ಬೇಡ ಅಂದ ಸರ್ಜರಿಯನ್ನು ಈ ಸಲ ತಪ್ಪಿಸುವ ಹಾಗಿರಲಿಲ್ಲ, ರಕ್ತ ಹೋಗುತ್ತಲೇ ಇತ್ತು. 1964ರ ಫೆಬ್ರವರಿ 25ರಂದು ಆಪರೇಷನ್ ಆಯಿತು. ಗೆಡ್ಡೆ ಅಪಾಯಕಾರಿಯಾಗಿರಲಿಲ್ಲ, ಆಪರೇಷನ್ ಚೆನ್ನಾಗೇ ಆಯಿತು ಅಂದುಕೊಂಡರು. ಕೆಲವು ವಾರಗಳಲ್ಲಿ ಮೂತ್ರಪಿಂಡದ ಸೋಂಕು. ಅದಕ್ಕೆ ಆಂಟಿಬಯೋಟಿಕ್. ಅದರ ಬೆನ್ನಿಗೇ ಲೂಪಸ್ ಎದ್ದಿತು. ಹದಿಮೂರು ವರ್ಷ ಸ್ಟೀರಾಯ್ಡ್ ತಿಂದ ಮೈ, ಸರ್ಜರಿಯ ಹೊಡೆತ, ಸೋಂಕು, ಎಲ್ಲಾ ಒಟ್ಟಿಗೇ ಬಂದವು. ದೀರ್ಘಕಾಲದ ಡಯಾಲಿಸಿಸ್ 1960ರಲ್ಲಷ್ಟೇ ಸಿಯಾಟಲ್‌ನಲ್ಲಿ ಶುರುವಾಗಿತ್ತು, ಕೆಲವೇ ರೋಗಿಗಳಿಗೆ ಸಿಗುತ್ತಿತ್ತು.

ಇವತ್ತಾಗಿದ್ದರೆ? ಮೂತ್ರಪರೀಕ್ಷೆಗಳು ಮೊದಲೇ ಎಚ್ಚರಿಸುತ್ತಿದ್ದವು, ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತಿತರ ಔಷಧಿಗಳಿಂದ ಸ್ಟೀರಾಯ್ಡ್ ಪ್ರಮಾಣ ಇಳಿಸುತ್ತಿದ್ದರು, ಲಸಿಕೆ ಕೊಡುತ್ತಿದ್ದರು, ಸರ್ಜರಿಗೆ ಮುಂಚೆ ಡೋಸ್ ಲೆಕ್ಕ ಹಾಕುತ್ತಿದ್ದರು. ಹಾಗಂತ ಅಪಾಯ ಮುಗಿದಿಲ್ಲ, ಜಾಗ ಬದಲಿಸಿದೆ. 1976ರಲ್ಲಿ ಕೆನಡಾದ ಮರ್ರೆ ಯುರೋವಿಟ್ಸ್ ತಂಡ ಒಂದು ವಿನ್ಯಾಸ ಗಮನಿಸಿತು: ಲೂಪಸ್ ರೋಗಿಗಳಲ್ಲಿ ಮೊದಲ ವರ್ಷಗಳ ಸಾವಿಗೆ ಕಾಯಿಲೆಯ ಉಲ್ಬಣ ಮತ್ತು ಸೋಂಕು ಕಾರಣವಾದರೆ, ಬಹಳ ವರ್ಷ ಬದುಕಿದವರಲ್ಲಿ ಹೃದಯಾಘಾತ ಕಾರಣ. 1997ರ ಒಂದು ಅಮೆರಿಕನ್ ಅಧ್ಯಯನದಲ್ಲಿ, 35ರಿಂದ 44 ವಯಸ್ಸಿನ ಲೂಪಸ್ ಇರುವ ಹೆಂಗಸರಿಗೆ ಹೃದಯಾಘಾತದ ಪ್ರಮಾಣ ಅದೇ ವಯಸ್ಸಿನ ಇತರರಿಗಿಂತ 50 ಪಟ್ಟಿಗೂ ಹೆಚ್ಚು ಕಂಡಿತು. ಆ ವಯಸ್ಸಿನ ಹೆಂಗಸರಲ್ಲಿ ಹೃದಯಾಘಾತವೇ ಅಪರೂಪ, ಹಾಗಾಗಿ ಪಟ್ಟು ದೊಡ್ಡದಾಗಿ ಕಾಣುತ್ತದೆ, ನಿಜ. ಆದರೂ ಮೂವತ್ತೈದರ ಹೆಂಗಸಿನ ಎದೆನೋವನ್ನು ಗ್ಯಾಸ್ಟ್ರಿಕ್ ಅಂತ ಕಳಿಸುವ ಮುಂಚೆ ಆಕೆಗೆ ಲೂಪಸ್ ಇದೆಯೇ ಅಂತ ಕೇಳಬೇಕು. ದೀರ್ಘಕಾಲದ ಉರಿಯೂತ ರಕ್ತನಾಳಗಳನ್ನೂ ಸವೆಸುತ್ತದೆ. ಸಂಧಿವಾತದ ರೋಗಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಫ್ಲ್ಯಾನರಿಗೆ ಅಷ್ಟು ದೂರ ಹೋಗುವ ಅವಕಾಶವೇ ಸಿಗಲಿಲ್ಲ. ಆ ಬೇಸಿಗೆಯಲ್ಲಿ ಅಟ್ಲಾಂಟಾದ ಆಸ್ಪತ್ರೆಯಲ್ಲಿ ಸುಮಾರು ಒಂದು ತಿಂಗಳು ಇದ್ದಳು. ರಕ್ತ ಕೊಡುತ್ತಿದ್ದರು. ಬರೆಯಬಾರದು ಅಂತ ಡಾಕ್ಟರು ಹೇಳಬಹುದೆಂದು ಕಥೆಯ ಹಾಳೆಗಳನ್ನು ತಲೆದಿಂಬಿನ ಕೆಳಗೆ ಬಚ್ಚಿಟ್ಟುಕೊಂಡಳು. ಮನೆಗೆ ಬಂದ ಮೇಲೆ ಮೂರು ಗಂಟೆ ಬರೆಯುವ ಶಕ್ತಿ ಇರಲಿಲ್ಲ, ದಿನಕ್ಕೆ ಒಂದು ಗಂಟೆ, ಕೆಲವು ದಿನ ಅದೂ ಇಲ್ಲ. ಹಾಗೇ 'ಪಾರ್ಕರ್ಸ್ ಬ್ಯಾಕ್' ಮುಗಿಸಿದಳು. 1946ರಲ್ಲಿ ಅಚ್ಚಾಗಿದ್ದ ತನ್ನ ಮೊಟ್ಟಮೊದಲ ಕಥೆಯನ್ನು ತೆಗೆದು, ಪೂರಾ ಹೊಸದಾಗಿ ಬರೆದು, 'ಜಡ್ಜ್‌ಮೆಂಟ್ ಡೇ' ಎಂದು ಹೆಸರಿಟ್ಟಳು. ಈ ಎರಡೂ ಕಥೆಗಳು ಮರುವರ್ಷ ಬಂದ ಸಂಕಲನದಲ್ಲಿವೆ.

1964ರ ಆಗಸ್ಟ್ 3ರ ನಡುರಾತ್ರಿ ದಾಟಿದ ಮೇಲೆ ಮಿಲೆಡ್ಜ್‌ವಿಲ್ ಆಸ್ಪತ್ರೆಯಲ್ಲಿ ಮೂತ್ರಪಿಂಡ ಸೋತು ಆಕೆ ತೀರಿಕೊಂಡಳು. 39 ವರ್ಷ. ಅಪ್ಪ ಬದುಕಿದ್ದಕ್ಕಿಂತ ಆರು ವರ್ಷ ಕಡಿಮೆ. ಮೆಮೊರಿ ಹಿಲ್ ಸ್ಮಶಾನದಲ್ಲಿ ಅಪ್ಪನ ಪಕ್ಕದಲ್ಲೇ ಸಮಾಧಿ ಮಾಡಿದರು. ಮಗಳಿಗೆ ಕಾಯಿಲೆಯ ಹೆಸರು ಹೇಳಲಾರದೆ ಒಂದೂವರೆ ವರ್ಷ ಬಾಯಿ ಬಿಗಿಹಿಡಿದಿದ್ದ ರೆಜಿನಾ 1995ರವರೆಗೆ, 99 ವರ್ಷ ಬದುಕಿದ್ದಳು.