ಕೋಣೆಯ ಸೆಖೆಗೆ ಗಂಟೆ ಕಟ್ಟಿದ ಮೇಷ್ಟ್ರು

ಹವಾನಿಯಂತ್ರಿತ ಕಚೇರಿಗಳಲ್ಲಿ ದುಡಿಯುವವರಿಗೆ ಗೋಡೆಯ ಮೇಲಿನ ಆ ಪುಟ್ಟ ಪೆಟ್ಟಿಗೆ ಚಿರಪರಿಚಿತ. ಒಬ್ಬರಿಗೆ ಚಳಿ, ಪಕ್ಕದವರಿಗೆ ಸೆಖೆ. ಜಗಳವೆಲ್ಲ ಅದರ ಅಂಕಿಯ ಸುತ್ತಲೇ! ಥರ್ಮೊಸ್ಟಾಟ್ ಎಂಬ ಈ ಉಪಕರಣವನ್ನು ಕೋಣೆಕೋಣೆಗೂ ತಲುಪಿಸಿದವರಲ್ಲಿ ಅಗ್ರಗಣ್ಯರು ಅಮೆರಿಕದ ವಾರನ್ ಜಾನ್ಸನ್. ಅವರು ವೃತ್ತಿಯಿಂದ ಎಂಜಿನಿಯರ್ ಆಗಿರಲಿಲ್ಲ, ಮೇಷ್ಟ್ರಾಗಿದ್ದರು ಎಂಬುದು ಕುತೂಹಲಕರ.

1847ರ ನವೆಂಬರ್ 6ರಂದು ವರ್ಮಾಂಟ್ ರಾಜ್ಯದಲ್ಲಿ ಜನಿಸಿದ ಜಾನ್ಸನ್ ಬಾಲ್ಯದಲ್ಲೇ ಕುಟುಂಬದೊಡನೆ ವಿಸ್ಕಾನ್ಸಿನ್‌ಗೆ ಬಂದರು. ಮುದ್ರಣಾಲಯದಲ್ಲಿ ದುಡಿದರು, ಭೂಮಾಪನ ಮಾಡಿದರು, ಶಾಲೆಗಳಲ್ಲಿ ಪಾಠ ಹೇಳಿದರು. 1876ರಲ್ಲಿ ವೈಟ್‌ವಾಟರ್ ಪಟ್ಟಣದ ಶಿಕ್ಷಕರ ತರಬೇತಿ ಶಾಲೆಯಲ್ಲಿ ಪ್ರಾಧ್ಯಾಪಕರಾದರು.

ವಿಸ್ಕಾನ್ಸಿನ್‌ನ ಚಳಿ ನಮ್ಮ ಮಡಿಕೇರಿಯ ಚಳಿಯಂಥದ್ದಲ್ಲ. ಕೆರೆಗಳೇ ಹೆಪ್ಪುಗಟ್ಟುವ ಚಳಿ. ಶಾಲೆಯ ನೆಲಮಾಳಿಗೆಯಲ್ಲಿ ಕುಲುಮೆ ಉರಿಯುತ್ತಿತ್ತು. ಅಲ್ಲಿಂದ ಕೋಣೆಗಳಿಗೆ ಹೋಗುವ ಶಾಖವನ್ನು ಹೆಚ್ಚು ಕಡಿಮೆ ಮಾಡುವ ತಡೆಗಳೂ ಕೆಳಗೇ ಇದ್ದವು. ಹೀಗಾಗಿ ಜವಾನ ಪಾಠದ ನಡುವೆಯೇ ಒಳಬಂದು ಉಷ್ಣಮಾಪಕ ನೋಡಿ, ಮತ್ತೆ ಮೆಟ್ಟಿಲಿಳಿದು ತಡೆ ತಿರುಗಿಸಬೇಕಿತ್ತು. ಗಂಟೆಗಂಟೆಗೂ ಇದೇ ಸಂಭ್ರಮ. ಪಾಠ ಕೆಡುತ್ತಿತ್ತು, ಇಷ್ಟಾಗಿಯೂ ಒಂದು ಕೋಣೆಯ ವಿದ್ಯಾರ್ಥಿಗಳು ನಡುಗುತ್ತಿದ್ದರೆ ಇನ್ನೊಂದು ಕೋಣೆಯವರು ಬೆವರುತ್ತಿದ್ದರು.

ಜವಾನ ಕೋಣೆಗೆ ಬರುವ ಬದಲು ಕೋಣೆಯ ಸುದ್ದಿಯೇ ಅವನ ಬಳಿಗೆ ಹೋದರೆ? ಜಾನ್ಸನ್ ಹಿಡಿದ ಎಳೆ ಇಷ್ಟೇ. ಎರಡು ಬಗೆಯ ಲೋಹದ ಪಟ್ಟಿಗಳನ್ನು ಬೆಸೆದಾಗ, ಶಾಖಕ್ಕೆ ಒಂದು ಹೆಚ್ಚು ಹಿಗ್ಗಿ ಜೋಡಿಪಟ್ಟಿ ಬಾಗುತ್ತದೆ. ಈ ಗುಣ ಅದಾಗಲೇ ತಿಳಿದಿದ್ದದ್ದೇ. ಆ ಬಾಗುವಿಕೆಯಿಂದ ವಿದ್ಯುತ್ ಮಂಡಲ ಕೂಡುವಂತೆ ಮಾಡಿ, ನೆಲಮಾಳಿಗೆಯಲ್ಲಿ ಗಂಟೆ ಬಾರಿಸಿದ್ದು ಅವರ ಜಾಣ್ಮೆ. 1883ರ ಜುಲೈ 24ರಂದು ಇದಕ್ಕೆ ಪೇಟೆಂಟ್ ದೊರೆಯಿತು.

ಮಿಲ್ವಾಕಿಯ ಸಿರಿವಂತ ವಿಲಿಯಂ ಪ್ಲಾಂಕಿಂಟನ್ ಬಂಡವಾಳ ಹೂಡಿದರು. 1885ರಲ್ಲಿ ಕಂಪನಿ ಸ್ಥಾಪನೆಯಾಯಿತು, ಜಾನ್ಸನ್ ಅಧ್ಯಾಪನಕ್ಕೆ ವಿದಾಯ ಹೇಳಿದರು.

ಆದರೆ ಗಂಟೆಯಲ್ಲೊಂದು ಕೊರತೆಯಿತ್ತು. ಜವಾನ ತೂಕಡಿಸಿದರೆ ಅದು ಬಾರಿಸಿಯೂ ವ್ಯರ್ಥ. 1895ರಲ್ಲಿ ಪೇಟೆಂಟ್ ಪಡೆದ ವ್ಯವಸ್ಥೆಯಲ್ಲಿ ಮನುಷ್ಯನ ಕೈಯೇ ಬೇಕಾಗಲಿಲ್ಲ. ಪ್ರತಿ ಕೋಣೆಯ ಥರ್ಮೊಸ್ಟಾಟ್‌ಗೂ ಸಣ್ಣ ಕೊಳವೆಯಲ್ಲಿ ಒತ್ತಿದ ಗಾಳಿ ಬರುತ್ತಿತ್ತು. ಲೋಹದ ಪಟ್ಟಿ ಬಾಗಿದಂತೆ ಗಾಳಿಯ ಒತ್ತಡ ಏರಿಳಿದು, ಹಬೆಯ ಕವಾಟ ತಾನಾಗಿ ತೆರೆದು ಮುಚ್ಚುತ್ತಿತ್ತು. ಒಂದೇ ಕಟ್ಟಡದ ಬೇರೆ ಬೇರೆ ಕೋಣೆಗಳಿಗೆ ಬೇರೆ ಬೇರೆ ಉಷ್ಣತೆ ಸಾಧ್ಯವಾದದ್ದು ಹೀಗೆ. ಇಂದಿನ ಸಂವೇದಕಗಳು ಎಲೆಕ್ಟ್ರಾನಿಕ್ ಆಗಿದ್ದರೂ ಅಳೆ, ಹೋಲಿಸು, ತಿದ್ದು ಎಂಬ ಕ್ರಮ ಬದಲಾಗಿಲ್ಲ.

ಇಷ್ಟಕ್ಕೇ ತೃಪ್ತರಾಗಿ ಕೂರುವ ಜಾಯಮಾನ ಅವರದಲ್ಲ. ಗಾಳಿಯ ಒತ್ತಡದಿಂದಲೇ ನಡೆಯುವ ಗೋಪುರ ಗಡಿಯಾರಗಳನ್ನು ಮಿಲ್ವಾಕಿ, ಫಿಲಡೆಲ್ಫಿಯಾ ನಗರ ಸಭಾಭವನಗಳಿಗೆ ನಿರ್ಮಿಸಿದರು. 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳದ ಬೃಹತ್ ಹೂಗಡಿಯಾರದ ಯಂತ್ರವೂ ಅವರ ಕಂಪನಿಯದೇ. ನಿಸ್ತಂತು ತಂತಿಯ ಹುಚ್ಚೂ ಹಿಡಿಯಿತು. ಮುಂದೆ ರೇಡಿಯೊ ಸಂಶೋಧಕರೆಂದು ಹೆಸರಾದ ಲೀ ಡಿ ಫಾರೆಸ್ಟ್ 1899ರಲ್ಲಿ ಅವರ ಬಳಿ ಕೆಲಕಾಲ ದುಡಿದಿದ್ದರು. ಹಬೆಯ ಮೋಟಾರು ವಾಹನಗಳನ್ನೂ ಬಿಡಲಿಲ್ಲ. ಐವತ್ತಕ್ಕೂ ಹೆಚ್ಚು ಪೇಟೆಂಟ್‌ಗಳು ಅವರ ಹೆಸರಿನಲ್ಲಿವೆ. ಮನಸ್ಸು ಹತ್ತು ಕಡೆ ಹರಿದದ್ದು ಸಂಶೋಧಕನಿಗೆ ಶೋಭೆಯೇ ಆದರೂ, ವ್ಯವಹಾರಕ್ಕೆ ಹೊರೆಯಾಯಿತೆನ್ನದೆ ವಿಧಿಯಿಲ್ಲ.

1911ರ ಡಿಸೆಂಬರ್ 5ರಂದು ಜಾನ್ಸನ್ ಲಾಸ್ ಏಂಜಲೀಸ್‌ನಲ್ಲಿ ನಿಧನರಾದರು. ಮರುವರ್ಷ ಚುಕ್ಕಾಣಿ ಹಿಡಿದ ಹ್ಯಾರಿ ಎಲ್ಲಿಸ್, ಉಳಿದ ಉದ್ಯಮಗಳನ್ನೆಲ್ಲ ಕಳಚಿ ಉಷ್ಣತಾ ನಿಯಂತ್ರಣವೊಂದನ್ನೇ ಉಳಿಸಿಕೊಂಡರು. 1974ರಲ್ಲಿ ಜಾನ್ಸನ್ ಕಂಟ್ರೋಲ್ಸ್ ಎಂದು ಹೆಸರು ಬದಲಿಸಿಕೊಂಡದ್ದು ಇದೇ ಕಂಪನಿ. ಅಮೆರಿಕದ ಹಳೆಯ ಶಾಲೆ, ಕಚೇರಿಗಳಲ್ಲಿ ಗಾಳಿಯಿಂದ ನಡೆಯುವ ಥರ್ಮೊಸ್ಟಾಟ್‌ಗಳು ಈಗಲೂ ಅಲ್ಲಲ್ಲಿ ಕಾಣಸಿಗುತ್ತವೆ.