ಅಂತರ್ಜ್ಯೋತಿಯ ಪಥಿಕ ಜಾನ್ ವುಲ್ಮನ್

ಹದಿನೆಂಟನೆಯ ಶತಮಾನದ ಮಧ್ಯಭಾಗ. ಉತ್ತರ ಅಮೆರಿಕದ ಪೂರ್ವ ತೀರದ ವಸಾಹತುಗಳು ಇನ್ನೂ ಇಂಗ್ಲೆಂಡಿನ ಆಳ್ವಿಕೆಗೆ ಒಳಪಟ್ಟಿದ್ದವು. ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ತಂದ ಸ್ತ್ರೀಪುರುಷರನ್ನು ಅಲ್ಲಿನ ಪೇಟೆಗಳಲ್ಲಿ ದನಕರುಗಳಂತೆ ಮಾರುತ್ತಿದ್ದರು. ದಕ್ಷಿಣದ ಹೊಗೆಸೊಪ್ಪಿನ ತೋಟಗಳೂ ಬತ್ತದ ಗದ್ದೆಗಳೂ ಅವರ ಬೆವರಿನಿಂದಲೇ ಬೆಳೆಯುತ್ತಿದ್ದವು. ಕಾನೂನು ಈ ವ್ಯಾಪಾರವನ್ನು ಒಪ್ಪಿತ್ತು. ಸಮಾಜ ಅದಕ್ಕೆ ಒಗ್ಗಿಹೋಗಿತ್ತು. ದೈವಭಕ್ತರೆನಿಸಿಕೊಂಡವರ ಮನೆಗಳಲ್ಲಿಯೂ ಗುಲಾಮರಿದ್ದರು. ಅಂತಹ ಕಾಲದಲ್ಲಿ ಹೊಲಿಗೆಯ ಕೆಲಸದಿಂದ ಜೀವಿಸುತ್ತಿದ್ದ ಒಬ್ಬ ಸಾಧಾರಣ ಗೃಹಸ್ಥನು ತನ್ನ ಮತಬಾಂಧವರ ಮನೆಬಾಗಿಲುಗಳಿಗೆ ಹೋಗಿ, ಮೃದುವಾದ ಮಾತುಗಳಿಂದ ಅವರ ಅಂತಃಸಾಕ್ಷಿಯನ್ನು ಎಚ್ಚರಿಸುತ್ತ ಬಂದನು. ಅವನೇ ಜಾನ್ ವುಲ್ಮನ್.

ವುಲ್ಮನ್ ಹುಟ್ಟಿದ್ದು 1720ರ ಅಕ್ಟೋಬರ್ 19ರಂದು, ನ್ಯೂಜೆರ್ಸಿ ಪ್ರಾಂತದ ರಾಂಕೋಕಸ್ ಎಂಬಲ್ಲಿ. ಅವನ ತಂದೆತಾಯಿಗಳು ಬೇಸಾಯಗಾರರು. ಕ್ವೇಕರ್ ಪಂಥಕ್ಕೆ ಸೇರಿದವರು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾರ್ಜ್ ಫಾಕ್ಸ್ ಎಂಬ ಸಾಧಕನಿಂದ ಹುಟ್ಟಿದ ಈ ಪಂಥದವರು ತಮ್ಮನ್ನು ಮಿತ್ರರ ಸಮಾಜವೆಂದು ಕರೆದುಕೊಂಡರು. ಪ್ರತಿಯೊಬ್ಬ ಮನುಷ್ಯನ ಹೃದಯದಲ್ಲಿಯೂ ದೇವರ ಬೆಳಕಿದೆ ಎಂಬುದು ಅವರ ನಂಬಿಕೆಯ ತಿರುಳು. ಅವರ ಪ್ರಾರ್ಥನಾಗೃಹದಲ್ಲಿ ಪೂಜಾರಿಯಿಲ್ಲ, ವೇದಿಕೆಯಿಲ್ಲ, ಮಂತ್ರಘೋಷವಿಲ್ಲ. ಎಲ್ಲರೂ ಕೂಡಿ ಮೌನವಾಗಿ ಕುಳಿತುಕೊಳ್ಳುತ್ತಾರೆ. ಒಳಗಿನಿಂದ ಪ್ರೇರಣೆಯಾದವನು ಎದ್ದು ನಾಲ್ಕು ಮಾತು ಆಡಿ ಕುಳಿತುಕೊಳ್ಳುತ್ತಾನೆ. ಬೈಬಲನ್ನು ಅವರು ಪೂಜ್ಯಭಾವದಿಂದ ಓದುತ್ತಾರೆ. ಆದರೆ ಆ ಗ್ರಂಥವನ್ನು ಬರೆಯಿಸಿದ ಚೈತನ್ಯವೇ ಓದುವವನ ಎದೆಯಲ್ಲಿಯೂ ಮೂಡದಿದ್ದರೆ ಓದು ವ್ಯರ್ಥವೆಂದು ಭಾವಿಸುತ್ತಾರೆ.

ವುಲ್ಮನ್ನನ ಬಾಲ್ಯದ ಓದು ಇಂತಹದೇ ಆಗಿದ್ದಿತು. ಏಳು ವರ್ಷ ತುಂಬುವ ಮೊದಲೇ, ಜೊತೆಯ ಹುಡುಗರು ದಾರಿಯಲ್ಲಿ ಆಡುತ್ತಿರುವಾಗ, ಅವನು ಒಂದು ಕಡೆ ಕುಳಿತು ಬೈಬಲಿನ ಕೊನೆಯ ಭಾಗದಲ್ಲಿ ಬರುವ ಜೀವನದಿಯ ವರ್ಣನೆಯನ್ನು ಓದಿ ಮೈಮರೆಯುತ್ತಿದ್ದನು. ಆದರೆ ಗ್ರಂಥದ ಮಾತು ಅವನ ಎದೆಗೆ ನಾಟಿದ್ದು ಮತ್ತೊಂದು ಘಟನೆಯಿಂದ. ಒಂದು ದಿನ ನೆರೆಮನೆಗೆ ಹೋಗುವಾಗ, ಗೂಡಿನಲ್ಲಿ ಮರಿಗಳನ್ನಿಟ್ಟಿದ್ದ ರಾಬಿನ್ ಹಕ್ಕಿಯೊಂದನ್ನು ಕಂಡು ಅವನು ಕಲ್ಲು ಬೀರಿದನು. ಹಕ್ಕಿ ಸತ್ತು ಬಿದ್ದಿತು. ಒಂದು ಗಳಿಗೆ ಅವನಿಗೆ ಗೆಲುವಿನ ಸಂತೋಷ, ಮರುಗಳಿಗೆಯಲ್ಲಿಯೇ ಭಯ. ತಾಯಿಯಿಲ್ಲದ ಮರಿಗಳು ಹಸಿದು ನರಳಿ ಸಾಯುವುದಕ್ಕಿಂತ ಈಗಲೇ ಸಾಯುವುದು ಲೇಸೆಂದು ಮರವನ್ನೇರಿ ಅವುಗಳನ್ನೂ ಕೊಂದನು. ಕ್ರೂರಿಗಳ ಕರುಣೆಯೂ ಕ್ರೌರ್ಯವೇ ಎಂಬರ್ಥದ ಜ್ಞಾನೋಕ್ತಿಯೊಂದು ಆಗ ಅವನಿಗೆ ನೆನಪಾಯಿತು. ಆ ದಿನದ ಸಂಕಟ ಅವನನ್ನು ಕಡೆಯವರೆಗೂ ಬಿಡಲಿಲ್ಲ.

ಇಪ್ಪತ್ತೊಂದನೆಯ ವಯಸ್ಸಿನಲ್ಲಿ ವುಲ್ಮನ್ ಹತ್ತಿರದ ಮೌಂಟ್ ಹಾಲಿ ಎಂಬ ಊರಿಗೆ ಹೋಗಿ, ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದನು. ಆ ಯಜಮಾನನಿಗೆ ಒಬ್ಬ ಗುಲಾಮ ಸ್ತ್ರೀಯಿದ್ದಳು. ಒಂದು ದಿನ ಅವನು ಅವಳನ್ನು ಮಾರಿಬಿಟ್ಟನು. ಕ್ರಯಪತ್ರವನ್ನು ಬರೆದುಕೊಡೆಂದು ವುಲ್ಮನ್ನನಿಗೆ ಆಜ್ಞಾಪಿಸಿದನು. ಕೊಂಡವನು ಎದುರಿಗೇ ಕಾದು ನಿಂತಿದ್ದನು. ಅವನೂ ಕ್ವೇಕರ್ ಪಂಥದ ಒಬ್ಬ ವೃದ್ಧನೇ. ವುಲ್ಮನ್ ತಬ್ಬಿಬ್ಬಾದನು. ತನ್ನಂತೆಯೇ ಇರುವ ಒಂದು ಜೀವವನ್ನು ಮಾರುವ ಪತ್ರಕ್ಕೆ ಲೇಖನಿಯೆತ್ತಲು ಅವನ ಮನಸ್ಸು ಒಪ್ಪಲಿಲ್ಲ. ಆದರೆ ಯಜಮಾನನ ಅನ್ನ ಉಣ್ಣುವವನು, ಕೊಳ್ಳುವವನು ಹಿರಿಯ. ಸಂಕೋಚಕ್ಕೆ ಸೋತು ಅವನು ಪತ್ರ ಬರೆದನು. ಆದರೂ, ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತಧರ್ಮಕ್ಕೆ ಒಪ್ಪುವಂಥದಲ್ಲವೆಂದು ಅವರಿಬ್ಬರ ಎದುರಿನಲ್ಲಿಯೇ ಹೇಳಿದನು. ಹೇಳಿದ್ದರಿಂದ ಭಾರ ತುಸು ಇಳಿಯಿತು. ಬರೆದ ನೋವು ಉಳಿಯಿತು. ಮುಂದೆ ಮತ್ತೊಬ್ಬ ತರುಣ ಇಂತಹ ಪತ್ರಕ್ಕಾಗಿ ಬಂದಾಗ ಅವನು ಸ್ಪಷ್ಟವಾಗಿ ನಿರಾಕರಿಸಿದನು.

ವುಲ್ಮನ್ನನ ಕೈಬರಹಕ್ಕೂ ಪ್ರಾಮಾಣಿಕತೆಗೂ ಊರಿನಲ್ಲಿ ಒಳ್ಳೆಯ ಹೆಸರಿದ್ದಿತು. ಆದುದರಿಂದ ಜನ ಉಯಿಲು ಬರೆಸಲು ಅವನ ಬಳಿಗೆ ಬರುತ್ತಿದ್ದರು. ಪೆಟ್ಟುಬಿದ್ದು ನೊಂದಿದ್ದ ನೆರೆಯವನೊಬ್ಬ ಒಮ್ಮೆ ತನ್ನ ಆಸ್ತಿಯ ವಿವರದ ಜೊತೆಗೆ ಒಬ್ಬ ಗುಲಾಮ ಹುಡುಗಿಯನ್ನು ಇಂಥ ಮಗುವಿಗೆ ಕೊಟ್ಟಿರುವುದಾಗಿ ಬರೆಯಿಸಿದನು. ವುಲ್ಮನ್ ಉಳಿದುದನ್ನೆಲ್ಲ ಬರೆದು, ಅವಳ ವಿಷಯವನ್ನು ಮಾತ್ರ ಬಿಟ್ಟು, ಕಾಗದವನ್ನು ಅವನ ಹಾಸಿಗೆಯ ಬಳಿಗೆ ತಂದನು. ಬರೆದುದಕ್ಕೆ ಕೂಲಿ ಬೇಡ, ಆದರೆ ಆ ಒಂದು ಮಾತನ್ನು ತನ್ನಿಂದ ಬರೆಯಲಾಗದು ಎಂದು ಸ್ನೇಹದಿಂದ ತಿಳಿಸಿದನು. ಇಬ್ಬರೂ ಆ ವಿಷಯವಾಗಿ ಮನಬಿಚ್ಚಿ ಮಾತನಾಡಿದರು. ಕಡೆಗೆ ಆ ರೋಗಿಯು ಹುಡುಗಿಯನ್ನು ಬಿಡುಗಡೆ ಮಾಡಲು ಒಪ್ಪಿದನು. ಆಗ ವುಲ್ಮನ್ ಉಯಿಲನ್ನು ಪೂರ್ತಿ ಮಾಡಿದನು.

ಈ ನಡುವೆ ಅವನು ಹೊಲಿಗೆಯನ್ನು ಕಲಿತು ಸ್ವಂತ ಅಂಗಡಿಯಿಟ್ಟನು. 1749ರಲ್ಲಿ ಸಾರಾ ಎಲ್ಲಿಸ್ ಎಂಬವಳನ್ನು ವಿವಾಹವಾದನು. ವ್ಯಾಪಾರ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಸಿರಿವಂತನಾಗುವ ದಾರಿ ತೆರೆದಿತ್ತು. ಆದರೆ ವ್ಯವಹಾರದ ಗದ್ದಲದಲ್ಲಿ ಒಳಗಿನ ದನಿ ಕೇಳಿಸದಂತಾಗುವುದೆಂಬ ಅಳುಕು ಅವನಿಗೆ ಹುಟ್ಟಿತು. ಬಡವರು ಬೇಡದ ವಸ್ತುಗಳನ್ನು ಕೊಂಡು ಸಾಲದಲ್ಲಿ ಮುಳುಗುವುದನ್ನೂ ಅವನು ಕಂಡಿದ್ದನು. 1756ರ ವೇಳೆಗೆ ಮಳಿಗೆಯ ವ್ಯಾಪಾರವನ್ನು ಕೈಬಿಟ್ಟು, ಹೊಲಿಗೆಯ ಕೆಲಸ ಮತ್ತು ಹಣ್ಣಿನ ತೋಟ ಇವೆರಡನ್ನು ಮಾತ್ರ ಉಳಿಸಿಕೊಂಡನು.

ಇದಕ್ಕೆ ಹತ್ತು ವರ್ಷ ಮೊದಲೇ, 1746ರಲ್ಲಿ, ಅವನು ಮೇರಿಲ್ಯಾಂಡ್, ವರ್ಜೀನಿಯ ಮತ್ತು ಉತ್ತರ ಕ್ಯಾರೊಲಿನಾ ಪ್ರಾಂತಗಳಲ್ಲಿ ಸಂಚರಿಸಿ ಗುಲಾಮರ ಬಾಳನ್ನು ಕಣ್ಣಾರೆ ನೋಡಿದ್ದನು. ಅಲ್ಲಿನ ಕ್ವೇಕರರ ಮನೆಗಳಲ್ಲಿ ಆದರದ ಆತಿಥ್ಯ ದೊರೆಯುತ್ತಿತ್ತು. ಆದರೆ ಆ ಊಟವು ಕೂಲಿಯಿಲ್ಲದೆ ದುಡಿದವರ ಶ್ರಮದಿಂದ ಬಂದುದೆಂಬ ಅರಿವು ತುತ್ತನ್ನು ಗಂಟಲಲ್ಲಿ ಇಳಿಯಗೊಡುತ್ತಿರಲಿಲ್ಲ. 1757ರಲ್ಲಿ ಮತ್ತೆ ಆ ಕಡೆಗೆ ಹೊರಟಾಗ ಅವನು ಬೆಳ್ಳಿಯ ಸಣ್ಣ ನಾಣ್ಯಗಳನ್ನು ಜೊತೆಗೆ ಒಯ್ದನು. ತಂಗಿದ ಮನೆಯಿಂದ ಹೊರಡುವಾಗ ಅವುಗಳನ್ನು ಮನೆಯವರ ಕೈಗೆ, ಇಲ್ಲವೆ ಗುಲಾಮರ ಕೈಗೇ ಕೊಡುತ್ತಿದ್ದನು. ಅತಿಥಿಯಿಂದ ಹಣ ಪಡೆಯಲು ಶ್ರೀಮಂತರಿಗೆ ನಾಚಿಕೆ. ಕೊಡಲು ವುಲ್ಮನ್ನನಿಗೂ ಸಂಕೋಚ. ಆದರೂ ಆ ನಾಣ್ಯಗಳು ಯಾವ ಉಪದೇಶವೂ ಹೇಳಲಾರದುದನ್ನು ಹೇಳಿದವು.

1754ರಲ್ಲಿ ಗುಲಾಮಗಿರಿಯನ್ನು ಕುರಿತ ಅವನ ಪುಸ್ತಿಕೆ ಪ್ರಕಟವಾಯಿತು. ಅದರ ಎರಡನೆಯ ಭಾಗ 1762ರಲ್ಲಿ ಬಂದಿತು. ಮನುಕುಲವೆಲ್ಲ ಒಂದೇ ಕುಟುಂಬವೆಂಬ ಬೈಬಲಿನ ಬೋಧೆಯೇ ಅದರ ಅಡಿಪಾಯ. ನಾವೂ ನಮ್ಮ ಪೂರ್ವಿಕರೂ ತಲೆಮಾರುಗಳಿಂದ ದಾಸ್ಯದಲ್ಲಿದ್ದು, ವಿದ್ಯೆಯೂ ಸತ್ಸಂಗವೂ ಇಲ್ಲದೆ ಬೆಳೆದಿದ್ದರೆ ನಮ್ಮ ಸ್ಥಿತಿ ಹೇಗಿರುತ್ತಿತ್ತೆಂದು ಊಹಿಸಿಕೊಳ್ಳಿರಿ ಎಂದು ಅವನು ಓದುಗರನ್ನು ಕೇಳಿಕೊಂಡನು. ದಾಸ್ಯವನ್ನು ಒಂದು ಬಣ್ಣದೊಡನೆ ಸದಾ ಜೋಡಿಸಿ ನೋಡುವ ಅಭ್ಯಾಸವೇ ಆ ಜನರನ್ನು ಕೀಳೆಂದು ಭಾವಿಸುವಂತೆ ಮಾಡಿದೆ ಎಂಬುದನ್ನೂ ತೋರಿಸಿಕೊಟ್ಟನು.

ಆದರೆ ಪುಸ್ತಿಕೆಯಿಂದ ಒಂದು ಸಮಾಜ ಬದಲಾಗುವುದಿಲ್ಲ. ಕ್ವೇಕರರ ಸಭೆಗಳಲ್ಲಿ ಬಹುಮತದ ಎಣಿಕೆಯಿಲ್ಲ. ಎಲ್ಲರ ಮನಸ್ಸೂ ಒಂದು ನಿರ್ಣಯದ ಕಡೆಗೆ ಒಲಿಯುವವರೆಗೆ ಕಾಯುತ್ತಾರೆ. 1758ರಲ್ಲಿ ಫಿಲಡೆಲ್ಫಿಯಾದ ವಾರ್ಷಿಕ ಸಭೆಯ ಮುಂದೆ ಗುಲಾಮಗಿರಿಯ ಪ್ರಶ್ನೆ ಬಂದಾಗ ಅನೇಕರು ಕಾಲವೇ ದಾರಿ ತೋರಲೆಂದರು. ಬಹಳ ಹೊತ್ತು ಮೌನವಾಗಿದ್ದ ವುಲ್ಮನ್ ಕಡೆಗೆ ಎದ್ದು ನಿಂತನು. ಪೀಡಿತರ ಮೊರೆ ದೇವರಿಗೆ ಮುಟ್ಟಿದೆ. ಕೆಲವರ ಲಾಭವನ್ನೋ ಗೆಳೆತನವನ್ನೋ ನೋಡಿಕೊಂಡು ಕರ್ತವ್ಯವನ್ನು ಮುಂದೂಡುವುದು ಸಲ್ಲದು ಎಂದು ದುಃಖದಿಂದ ಹೇಳಿದನು. ಸಭೆ ಕರಗಿತು. ಗುಲಾಮರನ್ನು ಕೊಳ್ಳುವವರಿಗೂ ಮಾರುವವರಿಗೂ ಸಮಾಜದ ಆಡಳಿತದಲ್ಲಿ ಸ್ಥಾನವಿಲ್ಲವೆಂದು ಗೊತ್ತುಮಾಡಿ, ಗುಲಾಮರಿದ್ದ ಮನೆಗಳಿಗೆ ಹೋಗಿ ತಿಳಿಹೇಳಲು ಕೆಲವರನ್ನು ನೇಮಿಸಲಾಯಿತು. ಅವರಲ್ಲಿ ವುಲ್ಮನ್ ಒಬ್ಬನು. ಅವನು ಯಾರನ್ನೂ ಪಾಪಿಯೆಂದು ಜರೆಯಲಿಲ್ಲ. ಅನ್ಯಾಯವು ಗುಲಾಮನ ದೇಹವನ್ನು ಬಂಧಿಸುವಂತೆಯೇ ಒಡೆಯನ ಆತ್ಮವನ್ನೂ ಬಂಧಿಸುತ್ತದೆಂದು ನಂಬಿ, ಇಬ್ಬರ ಬಿಡುಗಡೆಗಾಗಿಯೂ ಮಾತನಾಡಿದನು.

ಒಳಬೆಳಕು ಒಂದು ಮತದ ಸೊತ್ತಲ್ಲವೆಂಬ ಅರಿವು ಅವನನ್ನು 1763ರಲ್ಲಿ ಕಾಡಿನ ದಾರಿಗೆ ಕಳುಹಿಸಿತು. ಬಿಳಿಯರಿಗೂ ಮೂಲನಿವಾಸಿಗಳಿಗೂ ಗಡಿಗಳಲ್ಲಿ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಮಳೆಯಲ್ಲಿ ನೆನೆಯುತ್ತ, ಅವನು ಸಸ್ಕ್ವೆಹಾನ ನದಿಯ ಬಳಿಯ ಅವರ ಹಳ್ಳಿಯೊಂದಕ್ಕೆ ಹೋದನು. ಬೋಧಿಸುವುದಕ್ಕಿಂತ ಅವರ ಬಾಳನ್ನು ಅರಿಯುವುದೇ ಅವನ ಮುಖ್ಯ ಬಯಕೆಯಾಗಿದ್ದಿತು. ಅಲ್ಲಿ ದುಭಾಷಿಗಳಿಲ್ಲದೆ ಅವನು ಪ್ರಾರ್ಥಿಸಿದಾಗ, ಮಾತು ತಿಳಿಯದಿದ್ದರೂ ಅದು ಹುಟ್ಟಿಬಂದ ನೆಲೆಯನ್ನು ತಾನು ಅನುಭವಿಸಿದೆನೆಂಬ ಭಾವವನ್ನು ಅವರ ಮುಖಂಡ ಪಾಪುನೆಹಾಂಗ್ ವ್ಯಕ್ತಪಡಿಸಿದನು.

ಕೊನೆಯ ವರ್ಷಗಳಲ್ಲಿ ವುಲ್ಮನ್ ತನ್ನ ಬದುಕನ್ನೇ ಇನ್ನಷ್ಟು ಕಠಿಣವಾಗಿ ಪರೀಕ್ಷಿಸಿಕೊಂಡನು. ಗುಲಾಮರ ದುಡಿಮೆಯಿಂದ ಬರುವ ಸಕ್ಕರೆಯನ್ನು ತೊರೆದನು. ಬಣ್ಣವು ಕೊಳೆಯನ್ನು ಮರೆಮಾಡುತ್ತದೆಯೇ ಹೊರತು ತೊಳೆಯುವುದಿಲ್ಲವೆಂದು ಬಣ್ಣ ಹಾಕದ ಬಟ್ಟೆಯನ್ನೇ ತೊಟ್ಟನು. ಈ ವೇಷವನ್ನು ಕಂಡು ಕೆಲವು ಮಿತ್ರರೇ ದೂರ ಸರಿದರು, ಅವನು ಬೇಸರಿಸಲಿಲ್ಲ. ಹಿಂದೊಮ್ಮೆ ಅವನೂ ಮತ್ತೊಬ್ಬನೂ ಸತ್ತವನೊಬ್ಬನ ಉಯಿಲನ್ನು ನೆರವೇರಿಸುವ ಹೊಣೆ ಹೊತ್ತಿದ್ದಾಗ, ಒಬ್ಬ ಕರಿಯ ಹುಡುಗನನ್ನು ಮೂವತ್ತು ವರ್ಷ ತುಂಬುವವರೆಗೆ ದುಡಿಯುವಂತೆ ಮಾರಿದ್ದರು. ಬಿಳಿಯ ಹುಡುಗರಾದರೆ ಇಪ್ಪತ್ತೊಂದಕ್ಕೇ ಸ್ವತಂತ್ರರು. ಹೆಚ್ಚಾದ ಒಂಬತ್ತು ವರ್ಷಗಳ ಅನ್ಯಾಯದಲ್ಲಿ ಅರ್ಧ ತನ್ನದೆಂದು ಲೆಕ್ಕಹಾಕಿ, ಕಡೆಯ ನಾಲ್ಕೂವರೆ ವರ್ಷಗಳಿಗೆ ತಕ್ಕ ಹಣವನ್ನು ಆ ತರುಣನನ್ನು ಕೊಂಡವನಿಗೆ ಸಲ್ಲಿಸಲು ವುಲ್ಮನ್ 1769ರಲ್ಲಿ ಪತ್ರ ಬರೆದುಕೊಟ್ಟನು. ಮಾರಾಟದ ಪತ್ರ ಬರೆದಿದ್ದ ಕೈ ಈಗ ಋಣಪತ್ರ ಬರೆಯಿತು.

1772ರ ಮೇ ತಿಂಗಳಲ್ಲಿ ಅವನು ಇಂಗ್ಲೆಂಡಿಗೆ ಹಡಗು ಹತ್ತಿದನು. ಮೇಲಿನ ಕೋಣೆಗಳ ಕೆತ್ತನೆಯ ಅಲಂಕಾರ ಮನಸ್ಸಿಗೆ ಒಪ್ಪದೆ, ನಾವಿಕರು ಮಲಗುವ ಕತ್ತಲೆಯ ಕೆಳ ಅಂತಸ್ತಿನಲ್ಲಿಯೇ ಪ್ರಯಾಣಮಾಡಿ ಅವರ ಕಷ್ಟಗಳನ್ನು ತಿಳಿದನು. ಲಂಡನ್ನಿನ ಕ್ವೇಕರರು ಅವನ ವಿಚಿತ್ರ ಉಡುಪನ್ನು ನೋಡಿ ಮೊದಲು ಹಿಂಜರಿದರೆಂದೂ, ಅವನ ಮಾತು ಕೇಳಿದ ಮೇಲೆ ಆದರದಿಂದ ಬರಮಾಡಿಕೊಂಡರೆಂದೂ ಹೇಳುತ್ತಾರೆ. ಬಾಡಿಗೆಯ ಗಾಡಿಗಳ ವೇಗಕ್ಕಾಗಿ ಕುದುರೆಗಳನ್ನು ಸಾಯುವಂತೆ ಓಡಿಸುತ್ತಾರೆ, ಚಳಿಯ ರಾತ್ರಿಗಳಲ್ಲಿ ಸವಾರ ಹುಡುಗರು ನರಳುತ್ತಾರೆ ಎಂದು ತಿಳಿದು, ಅವನು ಉತ್ತರದ ಊರುಗಳಿಗೆ ಕಾಲ್ನಡಿಗೆಯಲ್ಲಿಯೇ ಹೋದನು. ಯಾರ್ಕ್ ನಗರವನ್ನು ಸೇರಿದಾಗ ಸಿಡುಬು ತಗಲಿತು. 1772ರ ಅಕ್ಟೋಬರ್ 7ರಂದು, ಐವತ್ತೆರಡು ತುಂಬುವ ಮೊದಲೇ, ಮನೆಮಂದಿಯಿಂದ ದೂರದಲ್ಲಿ ಅವನು ಕೊನೆಯುಸಿರೆಳೆದನು.

ಅವನು ಬರೆದಿಟ್ಟಿದ್ದ ದಿನಚರಿ 1774ರಲ್ಲಿ ಪ್ರಕಟವಾಯಿತು. 1776ರಲ್ಲಿ ಫಿಲಡೆಲ್ಫಿಯಾದ ವಾರ್ಷಿಕ ಸಭೆ, ಗುಲಾಮರನ್ನು ಬಿಡಲೊಲ್ಲದವರಿಗೆ ಸಮಾಜದಲ್ಲಿ ಸ್ಥಳವಿಲ್ಲವೆಂದು ನಿರ್ಧರಿಸಿತು. ಗುಲಾಮರ ವ್ಯಾಪಾರವನ್ನು ನಿಲ್ಲಿಸಲು 1787ರಲ್ಲಿ ಲಂಡನ್ನಿನಲ್ಲಿ ಕೂಡಿದ ಸಮಿತಿಯ ಹನ್ನೆರಡು ಮಂದಿಯಲ್ಲಿ ಒಂಬತ್ತು ಮಂದಿ ಕ್ವೇಕರರು. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ಕೊನೆಗೊಂಡುದು 1865ರಲ್ಲಿ, ಘೋರ ಅಂತರ್ಯುದ್ಧದ ಬಳಿಕ. ಆದರೆ ಅದಕ್ಕೆ ಸುಮಾರು ತೊಂಬತ್ತು ವರ್ಷ ಮೊದಲೇ ಒಂದು ಚಿಕ್ಕ ಸಮುದಾಯವು ರಕ್ತ ಹರಿಸದೆ, ತನ್ನ ಹೃದಯವನ್ನು ತಾನೇ ಶೋಧಿಸಿಕೊಂಡು, ಆ ಪಾಪದಿಂದ ಹೊರಬಂದಿತ್ತು. ಆ ಶೋಧನೆಯಲ್ಲಿ ದಾರಿ ತೋರಿದವರಲ್ಲಿ ಪ್ರಮುಖನು ಮೌಂಟ್ ಹಾಲಿಯ ದರ್ಜಿ. ತಾನು ಒಮ್ಮೆ ತಪ್ಪು ಬರೆದೆನೆಂಬುದನ್ನು ಅವನು ಮರೆಯಲಿಲ್ಲ. ಆ ನೆನಪೇ ತಪ್ಪಿದವರನ್ನು ಪ್ರೀತಿಯಿಂದ ತಿದ್ದುವ ಶಕ್ತಿಯನ್ನು ಅವನಿಗೆ ಕೊಟ್ಟಿತು.