ಮಿತಾಹಾರಿ ಲುಯಿಜಿ ಕೊರ್ನಾರೋ

ಮುಪ್ಪು ಬಂದಾಗ ಮನುಷ್ಯನ ಅನೇಕ ಶಕ್ತಿಗಳು ಕುಗ್ಗುತ್ತವೆ. ನಾಲಗೆಯ ಚಾಪಲ್ಯ ಮಾತ್ರ ಅಷ್ಟು ಬೇಗ ಕುಗ್ಗುವುದಿಲ್ಲ. ಹಲ್ಲು ಬಿದ್ದ ಮೇಲೂ ರುಚಿಯ ನೆನಪು ಹಾಗೆಯೇ ಉಳಿಯುತ್ತದೆ. ಇದರೊಡನೆ ಮನೆಯವರ ಪ್ರೀತಿಯೂ ಸೇರಿಕೊಳ್ಳುತ್ತದೆ. ಹಿರಿಯರು ಒಂದು ತುತ್ತು ಕಡಮೆ ಉಂಡರೆ ಮಕ್ಕಳಿಗೆ ಕಳವಳ. ಇನ್ನೊಂದು ಸೌಟು ಬಡಿಸಿದರೆ ಅವರಿಗೆ ಸಮಾಧಾನ. ನಾಲಗೆಯೂ ಪ್ರೀತಿಯೂ ಕೂಡಿ ಒತ್ತಾಯಿಸುವಾಗ, ವೃದ್ಧನಾದವನು ತನ್ನ ಊಟದ ಅಳತೆಯನ್ನು ಯಾರನ್ನು ಕೇಳಿ ನಿಶ್ಚಯಿಸಬೇಕು? ಈ ಪ್ರಶ್ನೆಗೆ ತನ್ನ ಬಾಳಿನಲ್ಲಿಯೇ ಉತ್ತರವನ್ನು ಹುಡುಕಿದವನು 16ನೆಯ ಶತಮಾನದ ಇಟಲಿಯ ಲುಯಿಜಿ ಕೊರ್ನಾರೋ. ವೆನಿಸ್ ಸೀಮೆಯ ನುಡಿಯಲ್ಲಿ ಆತನ ಹೆಸರು ಅಲ್ವೀಸೆ.

ಕೊರ್ನಾರೋ ಹುಟ್ಟಿದ್ದು ವೆನಿಸ್ ನಗರದಲ್ಲಿ. ಬಾಳಿದ್ದು ಅದರ ಸಮೀಪದ ಪಾದುವಾದಲ್ಲಿ. ಅಲ್ಲಿದ್ದ ಸೋದರಮಾವನ ಆಸ್ತಿ ಆತನ ಕೈಸೇರಿತು. ವೆನಿಸ್ಸಿನ ಪ್ರಸಿದ್ಧ ಕೊರ್ನಾರೋ ಮನೆತನಕ್ಕೆ ತಾನು ಸೇರಿದವನೆಂದು ಆತನು ಹೇಳಿಕೊಂಡರೂ ಅಲ್ಲಿಯ ಶ್ರೀಮಂತ ಸಭೆ ಅದನ್ನು ಒಪ್ಪಲಿಲ್ಲ. ಸ್ಥಾನವಿಲ್ಲದಿದ್ದರೂ ಧನವಿದ್ದಿತು, ಧನವಿದ್ದಲ್ಲಿ ಭೋಗಕ್ಕೆ ಕೊರತೆಯೇನು? ಯೌವನವೆಲ್ಲ ಔತಣಗಳಲ್ಲಿಯೂ ಅತಿಯಾದ ಪಾನದಲ್ಲಿಯೂ ಕಳೆಯಿತು.

ಅದರ ಫಲ ಬೇಗನೆ ಕಾಣಿಸಿಕೊಂಡಿತು. ಮೂವತ್ತೈದು ದಾಟುವಷ್ಟರಲ್ಲಿ ಹೊಟ್ಟೆಶೂಲೆ, ಪಕ್ಕೆನೋವು, ವಾತರಕ್ತದ ಲಕ್ಷಣಗಳು, ಬಿಡದ ಸಣ್ಣ ಜ್ವರ, ತಣಿಯದ ದಾಹ, ಇವೆಲ್ಲ ಆತನನ್ನು ಸುತ್ತಿಕೊಂಡವು. ಹಲವು ವರ್ಷಗಳ ಕಾಲ ಮಾಡಿದ ಔಷಧಗಳೊಂದೂ ಫಲಿಸಲಿಲ್ಲ. ಕೊನೆಗೆ ವೈದ್ಯರು ಒಂದೇ ದಾರಿಯನ್ನು ತೋರಿಸಿದರು: ಕ್ರಮವರಿತು ಮಿತವಾಗಿ ಬದುಕುವುದು. ಹಾಗೆ ಮಾಡದಿದ್ದರೆ ಕೆಲವೇ ತಿಂಗಳುಗಳಲ್ಲಿ ಸಾವು ತಪ್ಪದೆಂದೂ ತಿಳಿಸಿದರು. ಇಂಥ ಉಪದೇಶವನ್ನು ಅವರು ಮೊದಲೂ ಮಾಡಿದ್ದರು. ಆದರೆ ರೋಗಿಗಳ ರೂಢಿಯಂತೆ ಕೊರ್ನಾರೋ ವೈದ್ಯರ ಮುಂದೆ ತಲೆಯಾಡಿಸಿ, ಮನೆಯಲ್ಲಿ ಮನಬಂದಂತೆ ಉಣ್ಣುತ್ತಿದ್ದನು. ಈ ಬಾರಿ ಮರಣಭಯ ಗುರುವಾಯಿತು. ಮಿತವಾಗಿ ಉಂಡ ಕೆಲವೇ ದಿನಗಳಲ್ಲಿ ಗುಣ ಕಂಡಿತು; ಒಂದು ವರ್ಷ ತುಂಬುವುದರೊಳಗೆ ರೋಗಗಳೆಲ್ಲ ತೊಲಗಿದವು.

ಇಲ್ಲಿಗೆ ನಿಲ್ಲಿಸಿದ್ದರೆ ಆತನು ಪಥ್ಯದಿಂದ ಗುಣಹೊಂದಿದ ಅನೇಕರಲ್ಲಿ ಒಬ್ಬನಾಗುತ್ತಿದ್ದನು. ಆದರೆ ಕೊರ್ನಾರೋ ತನ್ನ ದೇಹವನ್ನೇ ಒಂದು ಗ್ರಂಥದಂತೆ ಓದತೊಡಗಿದನು. ನಾಲಗೆಗೆ ಹಿತವಾದುದು ಹೊಟ್ಟೆಗೂ ಹಿತವೆಂಬ ಗಾದೆ ಆ ನಾಡಿನಲ್ಲಿ ಬಳಕೆಯಲ್ಲಿದ್ದಿತು. ಅದು ನಿಜವೇ ಎಂದು ಪರೀಕ್ಷಿಸಿದನು. ಕರಬೂಜದ ಹಣ್ಣು, ಹಸಿ ಸೊಪ್ಪು, ಹಂದಿಯ ಮಾಂಸ, ಹಿಟ್ಟಿನ ಭಕ್ಷ್ಯಗಳು ಬಾಯಿಗೆ ರುಚಿಸಿದರೂ ತನಗೆ ಒಗ್ಗುವುದಿಲ್ಲವೆಂದು ಕಂಡುಕೊಂಡು ಅವನ್ನೆಲ್ಲ ಬಿಟ್ಟನು. ಒಗ್ಗುವ ಆಹಾರವನ್ನು ಸಹ ಜೀರ್ಣವಾಗುವಷ್ಟೇ ತೆಗೆದುಕೊಂಡು, ಇನ್ನೂ ಸ್ವಲ್ಪ ಹಸಿವು ಉಳಿದಿರುವಾಗಲೇ ಏಳುವುದನ್ನು ಅಭ್ಯಾಸ ಮಾಡಿದನು. ಯಾವುದನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬ ಈ ಎರಡೇ ಪ್ರಶ್ನೆಗಳು ಆತನ ಶಾಸ್ತ್ರವೆಲ್ಲ.

ಕ್ರಮೇಣ ಆತನ ದಿನದ ಆಹಾರ 12 ಔನ್ಸಿಗೆ ನಿಂತಿತು. ರೊಟ್ಟಿ, ಮೊಟ್ಟೆಯ ಹಳದಿ, ಸ್ವಲ್ಪ ಮಾಂಸ, ಗಂಜಿಯಂಥ ಸಾರು, ಎಲ್ಲವೂ ಸೇರಿ ಇಷ್ಟು. ಅಂದಿನ ಔನ್ಸಿನ ತೂಕ ಊರಿಂದೂರಿಗೆ ಬೇರೆಯಾಗಿದ್ದರೂ ಹೆಚ್ಚುಕಡಮೆ 300ರಿಂದ 400 ಗ್ರಾಂ ಎನ್ನಬಹುದು. ಆ ದೇಶದ ವಾಡಿಕೆಯಂತೆ ದ್ರಾಕ್ಷಾಮದ್ಯವನ್ನು 14 ಔನ್ಸಿನಷ್ಟು ಕುಡಿಯುತ್ತಿದ್ದನು. ಬಡವನಾದವನು ರೊಟ್ಟಿ, ಗಂಜಿ, ಮೊಟ್ಟೆಗಳಿಂದಲೇ ಈ ವ್ರತವನ್ನು ನಡೆಸಬಹುದೆಂದೂ ಆತನು ಬರೆದಿದ್ದಾನೆ.

ಮಿತಾಹಾರವೆಂದರೆ ಊಟ ಒಂದೇ ಅಲ್ಲವೆಂಬುದನ್ನೂ ಆತನು ಅರಿತಿದ್ದನು. ಅತಿ ಬಿಸಿಲು, ಅತಿ ಚಳಿ, ನಿದ್ದೆಗೇಡು, ಕೆಟ್ಟ ಗಾಳಿ, ದ್ವೇಷ, ಶೋಕ, ಇವುಗಳಿಂದ ಸಾಧ್ಯವಾದಷ್ಟು ದೂರವಿದ್ದನು. ಬಲಾಢ್ಯರಾದ ಕೆಲವರು ಆತನ ಮೇಲೆ ದೊಡ್ಡ ವ್ಯಾಜ್ಯ ಹೂಡಿದಾಗ ಆತನ ಸೋದರನೂ ಕೆಲವು ಬಂಧುಗಳೂ ಚಿಂತೆಯಿಂದಲೇ ಸೊರಗಿ ಸತ್ತರು. ಕೊರ್ನಾರೋ ಮಾತ್ರ ಕುಗ್ಗದೆ ನಿಂತು ವ್ಯಾಜ್ಯವನ್ನು ಗೆದ್ದನು. ಎಪ್ಪತ್ತರ ವಯಸ್ಸಿನಲ್ಲಿ ಗಾಡಿ ಮಗುಚಿ, ಕುದುರೆಗಳು ಅದನ್ನು ಎಳೆದುಕೊಂಡು ಓಡಿ, ತಲೆಗೂ ಮೈಗೂ ಪೆಟ್ಟಾಗಿ, ಒಂದು ಕೈ ಒಂದು ಕಾಲು ಕೀಲು ತಪ್ಪಿದವು. ಮೂರು ದಿನ ಬದುಕಲಾರನೆಂದ ವೈದ್ಯರು ರಕ್ತ ತೆಗೆಯಲು, ಭೇದಿ ಮಾಡಿಸಲು ಮುಂದಾದರು. ಆತನು ಎರಡನ್ನೂ ಒಲ್ಲದೆ, ಕೀಲುಗಳನ್ನು ಕೂಡಿಸಿ ಎಣ್ಣೆ ಹಚ್ಚಿಸಿಕೊಂಡು ಗುಣಹೊಂದಿದನು.

ಆತನ ಬಾಳಿನ ಮುಖ್ಯ ಪರೀಕ್ಷೆ ಬಂದುದು ಶತ್ರುಗಳಿಂದಲೂ ಅಲ್ಲ, ಅಪಘಾತದಿಂದಲೂ ಅಲ್ಲ; ಪ್ರೀತಿಸುವವರಿಂದ. ಆತನ ಲೆಕ್ಕದಂತೆ ವಯಸ್ಸು 78 ಆಗಿದ್ದಾಗ ಬಂಧುಗಳೂ ಸ್ನೇಹಿತರೂ ಒಟ್ಟುಗೂಡಿ, ಇಷ್ಟು ಕಡಮೆ ಆಹಾರ ಮುದುಕನ ದೇಹಕ್ಕೆ ಸಾಲದೆಂದು ಒತ್ತಾಯಿಸಿದರು. ವೈದ್ಯರೂ ಅದಕ್ಕೆ ದನಿಗೂಡಿಸಿದರು. ಬಹುಕಾಲ ನಡೆದುಬಂದ ಅಭ್ಯಾಸವನ್ನು ಕದಲಿಸಬಾರದೆಂದು ಆತನು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಹಟಮಾರಿಯೆನಿಸಿಕೊಳ್ಳಲು ಮನಸ್ಸಾಗದೆ ಆತನು ಒಪ್ಪಿಕೊಂಡನು. ಆಹಾರ 14 ಔನ್ಸಾಯಿತು. ಪಾನ 16 ಔನ್ಸಾಯಿತು. ಹೆಚ್ಚಾದುದು ಎರಡೆರಡೇ ಔನ್ಸು.

ಹತ್ತು ದಿನ ಕಳೆಯುವಷ್ಟರಲ್ಲಿ, ಸದಾ ನಗುಮುಖದವನಾಗಿದ್ದ ಆ ವೃದ್ಧನು ಸಿಡುಕನಾದನು. ತನಗೇ ತಾನು ಭಾರವಾದಂತೆ ಖಿನ್ನನಾದನು. ಹನ್ನೆರಡನೆಯ ದಿನ ಪಕ್ಕೆಯಲ್ಲಿ ಕಾಣಿಸಿಕೊಂಡ ನೋವು 22 ಗಂಟೆಗಳ ಕಾಲ ಬಿಡಲಿಲ್ಲ. ಅದರ ಹಿಂದೆಯೇ ಜ್ವರ ಬಂದು 35 ಹಗಲು 35 ಇರುಳು ಕಾಡಿತು, ನಿದ್ದೆ ಹತ್ತಲಿಲ್ಲ. ಬದುಕುವ ಆಸೆಯನ್ನು ಎಲ್ಲರೂ ಬಿಟ್ಟರು. ಆಗ ಆತನು ತನ್ನ ಹಳೆಯ ಅಳತೆಗೆ ಹಿಂದಿರುಗಿ ಚೇತರಿಸಿಕೊಂಡನು. ಬಡಿಸಿದವರಲ್ಲಿ ದುರುದ್ದೇಶವಿರಲಿಲ್ಲ, ಆದರೂ ಆ ಪ್ರೀತಿ ಆತನನ್ನು ಸಾವಿನ ಬಾಗಿಲಿಗೆ ಒಯ್ದಿತ್ತು.

ಹೀಗೆ ಕಾಪಾಡಿಕೊಂಡ ದೇಹವನ್ನು ಆತನು ಸುಮ್ಮನೆ ಇಟ್ಟುಕೊಂಡಿರಲಿಲ್ಲ. ಪಾದುವಾ ಸೀಮೆಯ ಜೌಗು ನೆಲಗಳ ನೀರನ್ನು ಕಾಲುವೆಗಳಿಂದ ಹರಿಯಿಸಿ ಸಾಗುವಳಿಗೆ ತಂದನು. ಕೆಟ್ಟ ಗಾಳಿಯಿಂದ ಮಕ್ಕಳು ಉಳಿಯದಿದ್ದ ಕಡೆಗಳಲ್ಲಿ ಜನರು ನೆಲೆಸಿದರು. ವಾಸ್ತುಶಿಲ್ಪಿ ಫಾಲ್ಕೊನೆತ್ತೋನಿಂದ 1524ರಲ್ಲಿ ಕಟ್ಟಿಸಿದ ಮೊಗಸಾಲೆಯೂ ಅದರ ಬಳಿಯ ಸಂಗೀತ ಮಂಟಪವೂ ಪಾದುವಾದಲ್ಲಿ ಇಂದಿಗೂ ನಿಂತಿವೆ. ರುಜಾಂತೆಯೆಂದು ಹೆಸರಾದ ನಾಟಕಕಾರ ಬೆಯೋಲ್ಕೋ ಆತನ ಆಶ್ರಯದಲ್ಲಿದ್ದನು. ಮುಪ್ಪಿನಲ್ಲಿಯೂ ಯಾರ ನೆರವೂ ಇಲ್ಲದೆ ಕುದುರೆಯೇರುತ್ತಿದ್ದನು, ಬೆಟ್ಟ ಹತ್ತುತ್ತಿದ್ದನು, ಮಗಳು ಕ್ಯಾರಾಳ ಹನ್ನೊಂದು ಮಕ್ಕಳೊಡನೆ ಕುಳಿತು ಹಾಡುತ್ತಿದ್ದನು. ಮಿತಜೀವನವನ್ನು ಕುರಿತ ಆತನ ಮೊದಲ ಪ್ರಬಂಧ 1558ರಲ್ಲಿ ಅಚ್ಚಾಯಿತು. ಅನಂತರ ಇನ್ನೂ ಮೂರನ್ನು ಬರೆದನು. 1566ರ ಮೇ 8ರಂದು ಪಾದುವಾದಲ್ಲಿ ಆತನ ಆಯುಸ್ಸು ಮುಗಿಯಿತು. ಅವನ ಪುಸ್ತಕ ಲ್ಯಾಟಿನ್ನಿಗೂ ಇಂಗ್ಲಿಷಿಗೂ ಹೋಗಿ ಶತಮಾನಗಳ ಕಾಲ ಓದಲ್ಪಟ್ಟಿತು.

ಆತನು ಸುಮಾರು ನೂರು ವರ್ಷ ಬಾಳಿದನೆಂದು ಲೋಕ ಬಹುಕಾಲ ನಂಬಿತ್ತು. ಆದರೆ ದಾಖಲೆಗಳನ್ನು ಪರಿಶೀಲಿಸಿದ ವಿದ್ವಾಂಸರು ಆತನ ಜನನ 1484ರ ಸುಮಾರಿಗೆ ಆಗಿರಬೇಕೆಂದು ತೋರಿಸಿದ್ದಾರೆ. ಎಂದರೆ ಸಾಯುವಾಗ ಎಂಬತ್ತೆರಡರ ಆಸುಪಾಸು. ಊಟದಲ್ಲಿ ಮಿತಿಯನ್ನು ಕಲಿತವನು ವಯಸ್ಸನ್ನು ಹೇಳಿಕೊಳ್ಳುವುದರಲ್ಲಿ ಆ ಮಿತಿಯನ್ನು ಕಾಯಲಿಲ್ಲ. ಇದು ಆತನ ದೋಷ; ಇದನ್ನು ಮುಚ್ಚಬೇಕಾಗಿಲ್ಲ. ಸಾಯಬೇಕಾಗಿದ್ದ ರೋಗಿಯೊಬ್ಬನು ಅನಂತರ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ದುಡಿಯುತ್ತ ಬಾಳಿದನೆಂಬ ಸಂಗತಿ ಅದರಿಂದ ಸುಳ್ಳಾಗುವುದಿಲ್ಲ.

ಆತನನ್ನು ಆಕ್ಷೇಪಿಸಿದವರೂ ಇದ್ದಾರೆ. ಜರ್ಮನಿಯ ತತ್ತ್ವಜ್ಞ ನೀಚೆ 1889ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಕೊರ್ನಾರೋ ಕಾರ್ಯವನ್ನು ಕಾರಣವೆಂದು ತಪ್ಪಾಗಿ ತಿಳಿದನೆಂದು ವಾದಿಸಿದ್ದಾನೆ. ದೇಹದ ಚಯಾಪಚಯ ಕ್ರಿಯೆ ಮಂದವಾಗಿದ್ದುದರಿಂದ ಆತನಿಗೆ ಅಲ್ಪಾಹಾರ ಸಾಕಾಯಿತೇ ಹೊರತು, ಅಲ್ಪಾಹಾರವೇ ಎಲ್ಲರ ದೀರ್ಘಾಯುಸ್ಸಿಗೆ ಕಾರಣವಲ್ಲವೆಂಬುದು ಆತನ ಮಾತಿನ ಸಾರ. 1935ರಲ್ಲಿ ಅಮೆರಿಕೆಯ ವಿಜ್ಞಾನಿ ಮೆಕ್ಕೇ, ಪೋಷಕಾಂಶಗಳಿಗೆ ಕೊರತೆಯಾಗದಂತೆ ಆಹಾರವನ್ನು ಮಿತಗೊಳಿಸಿದಾಗ ಇಲಿಗಳ ಆಯುಸ್ಸು ಹೆಚ್ಚಿದುದನ್ನು ತೋರಿಸಿದನು. ಆದರೆ ಇಲಿಯ ಲೆಕ್ಕ ಮನುಷ್ಯನಿಗೆ ಹಾಗೆಯೇ ಸಲ್ಲುವುದಿಲ್ಲ. ವೃದ್ಧರಲ್ಲಿ ಮಾಂಸಖಂಡಗಳು ಕ್ಷೀಣಿಸುವುದರಿಂದ, ಆರೋಗ್ಯವಂತರಾದ ಹಿರಿಯರಿಗೆ ದೇಹದ ತೂಕದ ಒಂದು ಕಿಲೋಗ್ರಾಮಿಗೆ ದಿನಕ್ಕೆ 1ರಿಂದ 1.2 ಗ್ರಾಂ ಸಸಾರಜನಕ ಬೇಕೆಂದು ಇಂದಿನ ಅನೇಕ ತಜ್ಞರು ಹೇಳುತ್ತಾರೆ. ಮದ್ಯಪಾನದಲ್ಲಿ ನಿರಪಾಯವಾದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿದೆ. ಆದುದರಿಂದ ಆತನ ಹನ್ನೆರಡು ಔನ್ಸನ್ನಾಗಲಿ ಪಾನಪಾತ್ರೆಯನ್ನಾಗಲಿ ಅನುಕರಿಸುವುದು ವಿವೇಕವಲ್ಲ. ತೂಕ ಇಳಿದು ನಿಶ್ಶಕ್ತಿಯಿಂದ ಬಳಲುವ ವೃದ್ಧರಿಗೆ ಮಿತಿಯ ಹೆಸರಿನಲ್ಲಿ ಅನ್ನವನ್ನು ತಗ್ಗಿಸುವುದೂ ಅಪಚಾರವೇ.

ಅನುಕರಿಸತಕ್ಕದ್ದು ಆತನ ಸಂಖ್ಯೆಯನ್ನಲ್ಲ, ಆತನ ಎಚ್ಚರವನ್ನು. ಉಂಡ ಮೇಲೆ ದೇಹ ಹಗುರಾಯಿತೇ ಭಾರವಾಯಿತೇ, ನಿದ್ದೆ ಬಂದಿತೇ, ಮನಸ್ಸು ತಿಳಿಯಾಗಿದೆಯೇ, ನಡಿಗೆಯಲ್ಲಿ ಬಲವಿದೆಯೇ ಎಂದು ಪ್ರತಿದಿನವೂ ತನ್ನನ್ನು ತಾನು ಕೇಳಿಕೊಂಡವನಿಗೆ ತನ್ನ ಅಳತೆ ತಾನಾಗಿ ತಿಳಿಯುತ್ತದೆ. ಮನೆಯವರೂ ಈ ಮರ್ಮವನ್ನು ಅರಿಯುವುದು ಲೇಸು. ಹಿರಿಯರ ಎಲೆಗೆ ಇನ್ನಷ್ಟು ಸುರಿಯುವ ಮೊದಲು ಅವರ ಮುಖವನ್ನು ನೋಡಬೇಕು. ಬೇಕೆನ್ನುವಾಗ ಹಿತವಾದುದನ್ನು ಮೆತ್ತಗೆ ಬೇಯಿಸಿ ಬಡಿಸಬೇಕು. ಸಾಕೆನ್ನುವಾಗ ಸೌಟನ್ನು ಹಿಂದಕ್ಕೆ ತೆಗೆಯಬೇಕು. ಎರಡೂ ಪ್ರೀತಿಯೇ.